ಬೆಂಕಿಕಡ್ಡಿಯಷ್ಟು ಸಂದು

ಹಿರಿಯೂರಿನ ನಮ್ಮ ಮನೆಯ ಹಿಂದೆ ಹೊಲವಿದ್ದಷ್ಟು ದಿನ ಅಮ್ಮನಿಗೆ ಬೇಲಿಯ ಚಿಂತೆ ಇರಲಿಲ್ಲ. ಬಚ್ಚಲುಮನೆ ಹಿತ್ತಿಲ ಮೂಲೆಯಲ್ಲಿತ್ತು. ತಲೆಗೆ ಸ್ನಾನ ಮಾಡಿದ ದಿನ ಆಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ನಾನು ಎಂ.ಎಸ್ಸಿ. ಓದಲು ಹೋಗಿದ್ದ ಎರಡು ವರ್ಷಗಳಲ್ಲಿ ಹೊಲ ಸೈಟುಗಳಾಯಿತು, ಹಿತ್ತಿಲಿಗೆ ತಾಗಿದಂತೆ ರಸ್ತೆ ಬಂತು, ರಸ್ತೆಯಾಚೆ ಟೀ ಅಂಗಡಿಯೂ ಬಂತು. ನಾನು ಮರಳಿದಾಗ ಅಮ್ಮ ಅಡುಗೆಮನೆಯ ಕಿಟಕಿಯ ಬಳಿ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಯಾರನ್ನೂ ದೂರಲಿಲ್ಲ.

ಅಪ್ಪ ತೆಂಗಿನ ಗರಿಯ ತಡಿಕೆ ಕಟ್ಟಿಸಿದರು, ಗಾಳಿ ಕಿತ್ತುಕೊಂಡು ಹೋಯಿತು. ಮರದ ಹಲಗೆ ಹೊಡೆಸಿದರು, ಗೆದ್ದಲು ತಿಂದಿತು. ಗೋಡೆಗೆ ಪಾಯ ತೆಗೆದರೆ ಕರಿಬೇವಿನ ಬೇರು ಹೋಗುತ್ತದೆಂದು ಅಮ್ಮ ಒಪ್ಪಲಿಲ್ಲ. ಕೊನೆಗೆ ಅಪ್ಪ ಚಿತ್ರದುರ್ಗದ ಅಂಗಡಿಯೊಂದರಿಂದ ಕಾಂಪೋಸಿಟ್ ಹಲಗೆಯ ಎರಡು ತುಂಡು ತಂದರು.

ನಮ್ಮ ಮನೆಯ ಬಾಗಿಲುಗಳನ್ನೆಲ್ಲ ಮಾಡಿದವರು ಜವನಗೊಂಡನಹಳ್ಳಿಯ ಬಡಗಿ. ಅವರು ತುಂಡನ್ನು ಮೂಸಿ ನೋಡಿದರು.

"ಏನವ್ವಾ, ಇದು ಮರಾನೋ ಪ್ಲಾಸ್ಟಿಕ್ಕೋ?" ಎಂದು ನನ್ನನ್ನು ಕೇಳಿದರು.

"ಎರಡೂ ಆಚಾರ್ರೆ. ಮರದ ಹೊಟ್ಟನ್ನ ಕರಗಿಸಿದ ಪ್ಲಾಸ್ಟಿಕ್ ಜೊತೆ ಕಲಸಿ ಒತ್ತಿರ್ತಾರೆ."

"ಅಂದ್ರೆ ನಾನು ಮೂವತ್ತು ವರ್ಷ ಗುಡಿಸಿ ಒಲೆಗೆ ಹಾಕಿದ್ದನ್ನ ಇವ್ರು ಮಾರ್ತಾವ್ರೆ!"

ಅವರು ಒಂದು ತುಂಡನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು, ಇನ್ನೊಂದನ್ನು ಗೆದ್ದಲು ಹಿಡಿದ ಹಳೆಯ ಕಂಬದ ಬುಡದಲ್ಲಿ ಹೂತರು. ಪ್ರಯೋಗಾಲಯದಲ್ಲಿ ನಾನು ಕಲಿತ ಕ್ರಮ ಇದಕ್ಕಿಂತ ಬೇರೆಯೇನಲ್ಲ. ತಿಂಗಳಾದ ಮೇಲೆ ತೆಗೆದರೆ ನೀರಿನದು ಉಬ್ಬಿರಲಿಲ್ಲ, ಮಣ್ಣಿನದಕ್ಕೆ ಒಂದು ಗೀರೂ ಇರಲಿಲ್ಲ.

"ಗೆದ್ಲು ಮೂಸಿ ನೋಡಿ ವಾಪಸ್ ಹೋಗೈತೆ ಕಣವ್ವಾ," ಎಂದರು.

ಹಲಗೆಗಳು ಬಂದವು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ನಾನು ಓದಿದೆ. ಬಿಸಿಲಿಗೆ ಈ ಹಲಗೆ ಉದ್ದಕ್ಕೆ ಹಿಗ್ಗುತ್ತದೆ, ತುದಿಯಲ್ಲಿ ಸಂದು ಬಿಡಬೇಕು ಎಂದಿತ್ತು. ಅದನ್ನು ಹೇಳಿದೆ.

"ಸಂದು ಗಿಂದು ಬಿಡ್ಬ್ಯಾಡ್ರಿ ಆಚಾರ್ರೆ," ಎಂದಳು ಅಮ್ಮ. "ಸಂದು ಇದ್ರೆ ಬೇಲಿ ಯಾಕೆ?"

"ಸೂಜಿ ತೂರಿದ್ರೆ ನನ್ ಉಳಿ ಕೆಳಗಿಡ್ತೀನಿ ಕಣಕ್ಕಾ."

ನಾನು ಎರಡನೆಯ ಸಲ ಹೇಳಲಿಲ್ಲ. ಅವರ ಬಾಗಿಲುಗಳ ಜೋಡಣೆಯಲ್ಲಿ ಗೆರೆಯೂ ಕಾಣುತ್ತಿರಲಿಲ್ಲ. ಅಂಥವರಿಗೆ ಚೀಟಿ ಓದಿ ಪಾಠ ಹೇಳಲು ಸಂಕೋಚವಾಯಿತು. ಚಳಿಗಾಲದ ಬೆಳಗಿನಲ್ಲಿ ಅವರು ಹಲಗೆಗಳನ್ನು ಕಲ್ಲುಕಂಬಗಳ ನಡುವೆ ಒತ್ತಿ ಕೂರಿಸಿ ತಿರುಪು ಬಿಗಿದರು. ಆ ಶುಕ್ರವಾರ ಅಮ್ಮ ಒದ್ದೆ ತಲೆಯಲ್ಲಿ ಹಿತ್ತಿಲಿಗೆ ಬಂದು ಕಲ್ಲಿನ ಮೇಲೆ ಕುಳಿತಳು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಟೀ ಅಂಗಡಿಯವನು ಕೂಗಿದ: "ಅಕ್ಕಾರೇ, ನಿಮ್ ಬೇಲಿ ಬಸ್ರಿ ಆಗೈತೆ!" ಹಲಗೆಗಳು ರಸ್ತೆಯ ಕಡೆಗೆ ಬಾಗಿದ್ದವು. ತಿರುಪುಗಳು ಕಿತ್ತುಬಂದು, ಕಂಬದ ಪಕ್ಕದಲ್ಲಿ ಕೈ ತೂರುವಷ್ಟು ಕಂಡಿಯಾಗಿತ್ತು. ಅಂಗಡಿಯಲ್ಲಿ ಕುಳಿತವರು ನಗುತ್ತಿದ್ದರು. ಅಮ್ಮ ಮತ್ತೆ ಕಿಟಕಿಯ ಬಳಿಗೆ ಹೋದಳು.

ಬಡಗಿ ಮರುದಿನವೇ ಬಂದರು. ಹಲಗೆ ಮುಟ್ಟಿ, ಕೈ ಸುಟ್ಟವರಂತೆ ಹಿಂದಕ್ಕೆಳೆದುಕೊಂಡರು.

"ಆ ಚೀಟಿ ಇನ್ನೊಂದ್ಸಲ ಓದವ್ವಾ."

ಓದಿ ಹೇಳಿದೆ. ನಿಂತೇ ಕೇಳಿಸಿಕೊಂಡರು.

"ಅವತ್ತೇ ಜಗಳ ಮಾಡ್ಬೇಕಿತ್ತು ನೀನು."

ಅವರು ಬೀಡಿಯ ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಹಲಗೆಯ ತುದಿಗೂ ಕಂಬಕ್ಕೂ ನಡುವೆ ಹಿಡಿದು ಬಹಳ ಹೊತ್ತು ನೋಡಿದರು.

ಮಾರನೆಯ ದಿನ ಕಬ್ಬಿಣದ ಉದ್ದನೆಯ ಚಾನಲ್‌ಗಳನ್ನು ತಂದು ಕಂಬಗಳಿಗೆ ಬಿಗಿದರು. ಪ್ರತಿ ಹಲಗೆಯ ತುದಿಯನ್ನೂ ಕೊಯ್ದು, ಚಾನಲ್‌ನ ತೋಡಿನೊಳಗೆ ಇಳಿಸಿದರು. ಎರಡೂ ಕಡೆ ಬೆಂಕಿಕಡ್ಡಿಯ ದಪ್ಪದಷ್ಟು ಜಾಗ ತೋಡಿನ ಒಳಗೇ ಉಳಿಯಿತು. ಹಿಗ್ಗಲು ಹಲಗೆಗೆ ಎಡೆಯಿತ್ತು, ನೋಡಲು ಕಣ್ಣಿಗೆ ಎಡೆಯಿರಲಿಲ್ಲ. ಇದು ಚೀಟಿಯಲ್ಲಿ ಬರೆದಿರಲಿಲ್ಲ. ಹಲಗೆಯ ಬಣ್ಣ ಒಂದು ವರ್ಷದಲ್ಲಿ ಸ್ವಲ್ಪ ಮಾಸಿತು, ಅಷ್ಟೇ.

ಮುಂದಿನ ಬೇಸಿಗೆಯ ಒಂದು ಶುಕ್ರವಾರ ರಸ್ತೆಯ ಕಡೆಯಿಂದ ಯಾರೋ ಹಲಗೆ ತಟ್ಟಿದ ಸದ್ದಾಯಿತು.

"ಯಾರದು?" ಎಂದಳು ಅಮ್ಮ, ಕಲ್ಲಿನ ಮೇಲೆ ಕುಳಿತಲ್ಲಿಂದಲೇ.

"ನಾನೇ ಕಣಕ್ಕಾ. ಬೇಲಿ ನೋಡ್ತಿದ್ದೆ. ಕಾಣ್ತೀನಾ?"

"ಇಲ್ಲ."

"ನೀವೂ ಕಾಣಲ್ಲ ಬಿಡ್ರಿ."

"ಹತ್ತು ನಿಮಿಷ ಇರ್ರಿ ಆಚಾರ್ರೆ, ತಲೆ ಒಣಗ್ಲಿ. ಆಮ್ಯಾಕೆ ಮುಂದ್ಲ ಬಾಗಿಲಿಂದ ಬರ್ರಿ, ಕಾಫಿ ಮಾಡ್ತೀನಿ."

ಅವರು ಆಚೆ ಕಾದರು. ಅಮ್ಮ ಅವಸರಪಡಲಿಲ್ಲ.