ಸುಗಂಧರಾಜದ ಪಾತಿಯಲ್ಲಿ ಗೊಣ್ಣೆಹುಳ

ಬಿಳಿಗೆರೆಗೆ ಬಂದ ಮರುದಿನ ಬೆಳಿಗ್ಗೆ ನಮ್ಮ ಬೀಗಿತಿ ಗೌರಮ್ಮ ತಿಪ್ಪೆಗೆ ಕೈ ಹಾಕಿ ಹೆಬ್ಬೆರಳ ಗಾತ್ರದ ಬಿಳಿ ಗೊಣ್ಣೆಹುಳವೊಂದನ್ನು ಎತ್ತಿದರು. ಕಂದು ತಲೆ, ತಿಂದ ಸಗಣಿ ಕಪ್ಪಗೆ ಕಾಣುವ ಹೊಟ್ಟೆ. ಅವರ ಅಂಗೈ ಮೇಲೆ ಅದು ಮುದುರಿಕೊಂಡಿತು. ಕೋಳಿಗೆ ಎಸೆದು, ಕೈ ತೊಳೆದು, ಅದೇ ಕೈಯಲ್ಲಿ ನನಗೆ ಕಾಫಿ ತಂದರು. ಬೆರಳು ತಾಗದಂತೆ ಲೋಟ ಹಿಡಿದು, ಅವರು ಒಳಗೆ ಹೋದೊಡನೆ ನುಗ್ಗೆಮರದ ಬುಡಕ್ಕೆ ಸುರಿದೆ.

ಗೋಕಾಕದ ಕಡೆಯ ನನ್ನ ಜನರೇ, ಹೆಂಡತಿ ತೀರಿಕೊಂಡ ಮೇಲೆ ಮಗಳು ಶಾರದೆ ನನ್ನನ್ನು ಈ ತಿಪಟೂರು ಸೀಮೆಗೆ ಕರೆತಂದದ್ದು ನಿಮಗೆ ಗೊತ್ತು. ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಇಲ್ಲಿ ಎಲ್ಲವೂ ನನಗೆ ಹೇಸಿಗೆ ತರಿಸಿತು. ನಮ್ಮ ಜೋಳದ ರೊಟ್ಟಿ ಸದ್ದು ಮಾಡಿ ಮುರಿಯುತ್ತದೆ. ಇಲ್ಲಿಯ ಮುದ್ದೆಯನ್ನು ಅಗಿಯದೆ ನುಂಗಬೇಕು. ನಮ್ಮ ಅಟ್ಟದಲ್ಲಿ ಹಳೆಯ ಪಾತ್ರೆಗಳು; ಇಲ್ಲಿ ಅಟ್ಟದ ತುಂಬ ತೆಂಗಿನಕಾಯಿ, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲೆಂದು ವರ್ಷವಿಡೀ ಇಟ್ಟದ್ದು. ಕೆಟ್ಟ ಕಾಯಿಯೊಂದರ ನೀರು ನನ್ನ ಹಾಸಿಗೆಗೇ ತೊಟ್ಟಿಕ್ಕಿತು. ಎಷ್ಟು ಒಗೆದರೂ ಆ ನಾತ ಹೋಗಲಿಲ್ಲ.

ಊರಿನದೆಂದು ನನ್ನ ಬಳಿ ಉಳಿದದ್ದು ಒಂದು ಚೀಲ ನಿಶಿಗಂಧದ ಗಡ್ಡೆ. ಇಲ್ಲಿಯವರು ಅದನ್ನು ಸುಗಂಧರಾಜ ಅನ್ನುತ್ತಾರೆ. ಹೆಚ್ಚು ಥಂಡಿಯನ್ನಾಗಲಿ ನಿಂತ ನೀರನ್ನಾಗಲಿ ತಾಳದ ಗಡ್ಡೆ. ಹಿತ್ತಿಲಲ್ಲಿ, ಮೊಮ್ಮಗಳು ಹುಟ್ಟಿದಾಗ ನೆಟ್ಟಿದ್ದ ಎಳೆ ತೆಂಗಿನ ಪಕ್ಕದಲ್ಲಿ ಗೌರಮ್ಮ ಜಾಗ ತೋರಿಸಿದರು.

"ಗೊಬ್ರ ಎಷ್ಟಾರ ತಗಳಿ ಬೀಗ್ರೇ. ಆದ್ರೆ ಹುಳ ಆಯ್ದು ಹಾಕಿ. ಅದೇ ದುಂಬಿಯಾಗಿ ಎದ್ದು ತೆಂಗಿನ ಸುಳಿ ಕೊರೆಯೋದು."

ಒಂದು ಬುಟ್ಟಿ ಕೆದಕಿದೆ. ಬೆರಳಿಗೆ ಮೆತ್ತಗೆ ಏನೋ ತಾಗಿ ವಾಕರಿಕೆ ಬಂತು. ಉಳಿದ ಗೊಬ್ಬರವನ್ನು ಹಾಗೇ ಸುರಿದು, ಮಣ್ಣು ಮುಚ್ಚಿ, ಗಡ್ಡೆ ಊರಿದೆ.

"ಆಯ್ದ್ರಾ?" ಎಂದು ಗೌರಮ್ಮ ಕೇಳಿದರು.

"ಎಲ್ಲಾ ಆರಿಸೇನ್ರಿ."

ಮಳೆಗಾಲ ಕಳೆಯುವಷ್ಟರಲ್ಲಿ ಹೂವಿನ ಕಡ್ಡಿಗಳು ಸೊಂಟದೆತ್ತರ ನಿಂತವು. ಅದೇ ಹೊತ್ತಿಗೆ ಎಳೆ ತೆಂಗಿನ ಹೊಸ ಗರಿ ಕತ್ತರಿ ಆಡಿಸಿದಂತೆ ಬಿಚ್ಚಿಕೊಂಡಿತು. ಆಮೇಲೆ ಸುಳಿಯೇ ಕೊಳೆತು, ಎಳೆದರೆ ಕೈಗೆ ಬಂತು. ತಿಪ್ಪೆಯ ಉಸ್ತುವಾರಿ ಶಾರದೆಯದು.

"ತಿಪ್ಪೇಲಿ ಹುಳ ಸಾಕ್ತಿದ್ಯೇನೇ? ನಿನ್ ಮಗಳ ಮರ ಕಣೇ ಅದು! ನಿಮ್ ಕಡೆ ಹೆಣ್ಮಕ್ಳ ಕೈ ಗಲೀಜಾಗ್ಬಾರ್ದೇನೋ!" ಎಂದು ಗೌರಮ್ಮ ಅವಳನ್ನು ಬೈದರು.

ಶಾರದೆ ತಲೆ ತಗ್ಗಿಸಿ ನಿಂತಳು. ನಾನು ಜಗುಲಿಯಲ್ಲಿ ಪೇಪರು ಅಡ್ಡ ಹಿಡಿದು ಕೂತೆ.

ಚಳಿಗೆ ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ ಗಡ್ಡೆ ಕಿತ್ತೆ. ತಾಯಿಗಡ್ಡೆಯ ಸುತ್ತ ಬೆಳ್ಳುಳ್ಳಿ ಎಸಳಿನಂತೆ ಮರಿಗಡ್ಡೆಗಳು. ಬಿಡಿಸಿ, ನೆರಳಲ್ಲಿ ಒಣಗಿಸಿ, ಬೇಸಿಗೆ ಕಳೆಯುವಾಗ ನೆಟ್ಟರೆ ಹೊಸ ಪಾತಿಗಳಾಗುತ್ತವೆ. ಆ ಮರಿಗಳ ನಡುವೆಯೇ ಬಿಳಿ ಹುಳಗಳು ಸುರುಳಿ ಸುತ್ತಿ ಮಲಗಿದ್ದವು. ಬಿಡಿಸಲು ಕೂತಿದ್ದ ಶಾರದೆ ನೋಡಿದಳು. ಸರಸರನೆ ಮಣ್ಣು ಎಳೆದು ಮುಚ್ಚಿದಳು.

"ಸುಮ್ಕಿರಪ್ಪಾ. ಅತ್ತಿ ಬರಾಕತ್ತಾರ."

ಅವಳು ಮುಚ್ಚಿದ ಮಣ್ಣಿಗೆ ಕೈ ಹಾಕಿ ಒಂದು ಹುಳ ತೆಗೆದೆ. ಅದು ಅಂಗೈಯಲ್ಲಿ ತಣ್ಣಗೆ ಹೊರಳಿತು. ಗೌರಮ್ಮನವರ ಮುಂದೆ ಹಿಡಿದು ನಿಂತೆ.

"ಹುಳಾ ಆರಿಸಿದ್ದಿಲ್ರಿ. ನಾ ಸುಳ್ಳ ಹೇಳಿದ್ದೆ. ಶಾರದಾಂದು ತಪ್ಪಿಲ್ಲ."

"ನೀವು ಕಾಫಿ ಸುರ್ದಿದ್ದೂ ಗೊತ್ತು ಕಣ್ರೀ, ನುಗ್ಗೆ ಬುಡದಲ್ಲಿ ಇರುವೆ ಸಾಲು ನಿಂತಿತ್ತು. ಅದು ಹೋಗ್ಲಿ ಬುಡಿ. ನನ್ ಬಾಯಲ್ಲಿ ಸೊಸೇನ ಬೈಸಿದ್ರಲ್ಲ, ಅದಕ್ಕೇನ್ ಮಾಡ್ತೀರಿ?"

ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ನಡೆದೆ. ಅಂದಿನಿಂದ ತಿಪ್ಪೆಯ ಹುಳ ಆಯುವುದು ನನ್ನ ಕೆಲಸ. ಹೇಸಿಗೆ ಹೋಗಿಲ್ಲ. ಶಾರದೆ ಇವತ್ತಿಗೂ ಆ ಮಾತು ಎತ್ತಿಲ್ಲ, ಅದು ಇನ್ನೂ ಕಷ್ಟ.

ಮೊನ್ನೆ ಮರಿಗಡ್ಡೆ ಕೊಡಲು ಊರಿಗೆ ಬಂದಿದ್ದೆನಲ್ಲ. ತಮ್ಮನ ತಿಪ್ಪೆ ಕಂಡು ಸುಮ್ಮನಿರಲಾರದೆ ಕೈ ಹಾಕಿ ಕೆದಕಿದೆ. ನೀವೆಲ್ಲ ಮೂಗು ಮುಚ್ಚಿ ನಕ್ಕಿರಿ. ಕೈ ತೊಳೆದು ಬಂದಾಗ ತಮ್ಮನ ಹೆಂಡತಿ ಕಪ್ಪಿನಡಿಯ ಬಸಿಯ ಅಂಚನ್ನು ತುದಿಬೆರಳಲ್ಲಿ ಹಿಡಿದು, ನನ್ನ ಕೈ ತಾಗದಂತೆ ಚಹಾ ಕೊಟ್ಟಳು. ಪೂರ್ತಿ ಕುಡಿದೆ. ಕುಡಿಯುವಾಗ ಗೌರಮ್ಮನವರ ಕಾಫಿಯ ಹೊತ್ತಾಯಿತು ಅನ್ನಿಸಿತು. ಈಗ ಬಿಳಿಗೆರೆಯಲ್ಲಿ ಆ ಕಾಫಿ ಕೈಯಲ್ಲಿದೆ. ನಿಮ್ಮ ಚಹಾ ನೆನಪಾಗುತ್ತಿದೆ.