ಕರಿ ಪಟ್ಟಿಯ ಕ್ಯಾಸೆಟ್ಟು

ಅಂಗಡಿ ಹಿಡಿಯುವವರಿಗೆ ನಾನು ಮೊದಲು ಹೇಳುವ ಮಾತು ಇದು: ಸರಕು ಆಮೇಲೆ, ಮೂಲೆ ಮೊದಲು. ಬಸ್ಸಿನಿಂದ ಇಳಿದವನ ಕಣ್ಣಿಗೆ ಬೀಳುವ ಮೂಲೆಯಲ್ಲಿ ಕೂತರೆ ಉಪ್ಪೂ ಲಾಭ ಕೊಡುತ್ತದೆ. ಹಿಂದಿನ ಓಣಿಯಲ್ಲಿ ಕೂತರೆ ಬಂಗಾರವೂ ಧೂಳು ತಿನ್ನುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾರೂಗೇರಿಯ ಒಂದು ಹಿಂದಿನ ಓಣಿಯಲ್ಲಿ ವಿಡಿಯೋ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟು, ಎದುರಿನ ಗಿರಣಿಯಿಂದ ಹಾರಿ ಬಂದ ಜೋಳದ ಹಿಟ್ಟನ್ನು ದಿನಕ್ಕೆ ಮೂರು ಸಲ ಕ್ಯಾಸೆಟ್ಟುಗಳ ಮೇಲಿಂದ ಒರೆಸುತ್ತ ನಾನೇ ಕಲಿತೆ.

ಆಗಿನ ಒಂದು ವರ್ಷ ಬಸ್ ಸ್ಟ್ಯಾಂಡಿನ ಎದುರಿನ ಮೂಲೆ ಮಳಿಗೆ ಖಾಲಿಯಾಯಿತು. ಅದರ ಮಾಲಕರು ಪಾಲಬಾವಿಯವರು. ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ಹಿರಿಯ ರೈತರು. ದೀಪಾವಳಿ ಪಾಡ್ಯಕ್ಕೆ ಕೀಲಿ ಕೊಡುತ್ತೇನೆ, ಯಾರಿಗೆಂದು ಆಮೇಲೆ ಹೇಳುತ್ತೇನೆ ಎಂದಿದ್ದರು. ಕೇಳಿಕೊಂಡು ಹೋದವರು ಹಲವರು, ಕೊನೆಗೆ ಉಳಿದವರು ಇಬ್ಬರು: ನಾನು ಮತ್ತು ರಾಯಬಾಗದ ಒಬ್ಬ ಸೀರೆ ವ್ಯಾಪಾರಿ. ಇಬ್ಬರೂ ಮಳಿಗೆ ನೋಡಿ ಬಂದಿದ್ದೆವು, ಬಾಡಿಗೆಯ ಮಾತಿನಲ್ಲಿ ಸಮ ಬಂದು ನಿಂತಿದ್ದೆವು. ಇನ್ನು ಗೆಲ್ಲಬೇಕಾದದ್ದು ಹಿರಿಯರ ಮನಸ್ಸನ್ನು. ಆ ಮೂಲೆ ಸಿಗದಿದ್ದರೆ ನಾನು ಹಿಟ್ಟು ಒರೆಸುತ್ತಲೇ ಮುದುಕನಾಗುತ್ತೇನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಮನಸ್ಸು ಗೆಲ್ಲಬೇಕೆಂದರೆ ಆ ಮನುಷ್ಯನಿಗೆ ಯಾವುದರ ಹುಚ್ಚು ಎಂದು ತಿಳಿಯಬೇಕು. ನಾನು ಚಹದ ಅಂಗಡಿಯಲ್ಲಿ ಎರಡು ದಿನ ಕೂತು ವಿಚಾರಿಸಿದೆ. ಇವರಿಗೆ ಚುನಾವಣೆಯ ಹುಚ್ಚಿಲ್ಲ, ಸನ್ಮಾನದ ಹುಚ್ಚಿಲ್ಲ, ಹೊಗಳಿಕೆ ಅಂತೂ ಮೈಗೆ ಹತ್ತುವುದಿಲ್ಲ. ಇದ್ದದ್ದು ಶರ್ಯತ್ತಿನ, ಅಂದರೆ ಎತ್ತಿನ ಗಾಡಿಗಳ ಓಟದ ಹುಚ್ಚೊಂದೇ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲಿ ಗಾಡಿ ಓಡಿದರೂ ತೀರ್ಪು ಹೇಳುವ ಪಂಚರ ಸಾಲಿನಲ್ಲಿ ಇವರು ಇರಲೇಬೇಕು. ಇವರು ‘ಬಾದ’ ಎಂದರೆ ಆ ಗಾಡಿ ಪಂದ್ಯದಿಂದ ಹೊರಗೆ, ಮುಂದೆ ಮಾತಿಲ್ಲ. ಅಂಕಲಿಯಲ್ಲಿ ಒಮ್ಮೆ ಸ್ವಂತ ಅಳಿಯನ ಗಾಡಿಯನ್ನೇ ಬಾದ ಮಾಡಿದ್ದಕ್ಕೆ ಆ ವರ್ಷ ಮಗಳು ಪಂಚಮಿಗೆ ತವರಿಗೆ ಬರಲಿಲ್ಲವಂತೆ. ಇದನ್ನು ಕೇಳಿ ನಾನು ತಿಳಿದುಕೊಂಡದ್ದು ಇಷ್ಟೇ: ಇವರಿಗೆ ಓಟ ನೋಡುವುದೆಂದರೆ ಪ್ರಾಣ.

ಅಂಥವರಿಗೆ ತೋರಿಸಬೇಕಾದ ವಸ್ತು ನನ್ನ ಕಪಾಟಿನಲ್ಲೇ ಇತ್ತು. ದುಬೈಗೆ ಹೋಗಿ ಬಂದಿದ್ದ ನಿಪ್ಪಾಣಿಯ ಒಬ್ಬ ತರುಣ ತಂದಿದ್ದ ಹಾಲಿವುಡ್ಡಿನ ಹಳೆಯ ಐತಿಹಾಸಿಕ ಚಿತ್ರ. ವರ್ಷಪೂರ್ತಿ ನನ್ನ ಅಂಗಡಿಯ ಯಾವ ಕ್ಯಾಸೆಟ್ಟನ್ನಾದರೂ ಪುಕ್ಕಟೆ ಒಯ್ಯಬಹುದು ಎಂಬ ಕರಾರಿನ ಮೇಲೆ ಅದನ್ನು ಅವನಿಂದ ಪಡೆದಿದ್ದೆ. ಕ್ಯಾಸೆಟ್ಟಿಗಾಗಿ ನಿಪ್ಪಾಣಿಯಿಂದ ಹಾರೂಗೇರಿಯವರೆಗೆ ಯಾರು ಬರುತ್ತಾರೆ ಎಂಬುದು ಅವನಿಗೆ ಹೊಳೆಯುವ ಮೊದಲೇ ನಾನು ಬಸ್ಸು ಹತ್ತಿದ್ದೆ.

ಅದು ಸಂಗ್ರಹ ಮಾಡುವವರಿಗಾಗಿಯೇ ಹೊರಡಿಸಿದ ವಿಶೇಷ ಆವೃತ್ತಿ. ಪುರಾಣದ ಗ್ರಂಥದಷ್ಟು ದಪ್ಪದ ಪೆಟ್ಟಿಗೆ, ಮೇಲೆ ಬಂಗಾರದ ಅಕ್ಷರ, ಒಳಗೆ ಮಖಮಲ್ಲಿನ ಗುಳಿಯಲ್ಲಿ ಮಲಗಿಸಿದ ಎರಡು ಕ್ಯಾಸೆಟ್ಟು, ನುಣುಪು ಕಾಗದದ ಒಂದು ಪುಸ್ತಿಕೆ, ಜೊತೆಗೆ ಈ ಪೆಟ್ಟಿಗೆ ಇಷ್ಟನೆಯ ನಂಬರಿನದು ಎಂದು ಸಹಿ ಮಾಡಿ ಕೊಟ್ಟ ಪ್ರಮಾಣಪತ್ರ. ನಮ್ಮ ಓಣಿಯ ಶಾಲೆಯ ಮಾಸ್ತರರು ಆ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥ ಪತ್ರದಲ್ಲಿ ಜಾತಿಯ ಕಾಲಮ್ಮೇ ಇಲ್ಲವಲ್ಲ ಎಂದು ಆಶ್ಚರ್ಯಪಟ್ಟರು.

ಇಷ್ಟು ವೈಭವದ ಪೆಟ್ಟಿಗೆಯನ್ನು ಗಿರಾಕಿಗಳು ಮುಟ್ಟುತ್ತಿರಲಿಲ್ಲ. ಕಾರಣ, ಚಿತ್ರ ಓಡುವಾಗ ಟಿವಿಯ ಮೇಲುಗಡೆ ಒಂದು ಕರಿ ಪಟ್ಟಿ, ಕೆಳಗಡೆ ಒಂದು ಕರಿ ಪಟ್ಟಿ. ನಡುವಿನ ಸಂದಿನಲ್ಲಿ ರಾಜರು, ಸೈನ್ಯ, ಆನೆ, ಕುದುರೆ ಎಲ್ಲ ಓಡಾಡಬೇಕು. ಮೊದಲು ಒಯ್ದವನು ಒಂದು ತಾಸಿನಲ್ಲಿ ತಿರುಗಿ ಬಂದು, ಅರ್ಧ ಚಿತ್ರಕ್ಕೆ ಅರ್ಧ ಬಾಡಿಗೆ ಎಂದು ಜಗಳ ತೆಗೆದ. ಪುಸ್ತಿಕೆಯಲ್ಲಿ ಎರಡು ಚಿತ್ರ ಬರೆದು ಇದರ ಕಾರಣ ಕೊಟ್ಟಿದ್ದರು, ಮಾಸ್ತರರು ಅದನ್ನು ನನಗೆ ಓದಿ ಹೇಳಿದ್ದರು: ಸಿನಿಮಾದ ಪರದೆ ಉದ್ದವಾದದ್ದು, ಟಿವಿ ಚೌಕ, ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಟಿವಿ ತುಂಬಲೆಂದು ಎಡಬಲಗಳನ್ನು ಕತ್ತರಿಸಿ ಬಿಡುತ್ತಾರೆ, ಇದರಲ್ಲಿ ಕತ್ತರಿಸಿಲ್ಲ. ಆದರೆ ಗಿರಾಕಿಗೆ ತಿಳಿಸಿ ಹೇಳುವುದು ಮಾಸ್ತರರ ಉದ್ಯೋಗ, ಕೇಳಿದ್ದನ್ನು ಕೊಡುವುದು ನಮ್ಮದು. ಕೊಲ್ಹಾಪುರಕ್ಕೆ ಹೋಗಿ ಅದೇ ಚಿತ್ರದ ಒಂದು ಸಾದಾ ಪ್ರತಿ ತಂದೆ. ಅದರಲ್ಲಿ ಪಟ್ಟಿ ಇರಲಿಲ್ಲ, ಅದು ಚೆನ್ನಾಗಿಯೇ ಓಡಿತು. ಪೆಟ್ಟಿಗೆ ಕಪಾಟಿನಲ್ಲಿ ಶೋಭೆಗೆ ಉಳಿಯಿತು.

ದೊಡ್ಡವರ ಮನೆಗೆ ದೊಡ್ಡ ಪೆಟ್ಟಿಗೆಯೇ ಸರಿ ಎಂದುಕೊಂಡು, ಒಂದು ರವಿವಾರ ಬೆಳಿಗ್ಗೆ ವಿಸಿಆರನ್ನು ಚಾದರದಲ್ಲಿ ಕಟ್ಟಿ, ಅದರ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಪಾಲಬಾವಿಗೆ ಹೋದೆ. ಪಡಸಾಲೆಯಲ್ಲಿ ಮನೆಯವರಲ್ಲದೆ ಅಕ್ಕಪಕ್ಕದವರೂ ಬಂದು ಕೂತರು. ಆ ಚಿತ್ರದ ಮೊದಲ ನಾಲ್ಕೈದು ನಿಮಿಷ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಬರಿಯ ಸಂಗೀತ. ಮಾಲಕರ ಹೆಂಡತಿ ಮೊರದಲ್ಲಿ ಕಡಲೆ ಆರಿಸುತ್ತ ಕೂತವರು ತಲೆ ಎತ್ತಿ, ಕರೆಂಟು ಇದ್ದೂ ಚಿತ್ರ ಇಲ್ಲವಲ್ಲ ಎಂದರು.

“ಮಂಗಳಾರತಿಗಿಂತ ಮೊದ್ಲ ಜಾಗಟಿ ಬಾರಸ್ತಾರಲ್ರಿ ಅವ್ವಾರ, ಇದೂ ಹಂಗ” ಎಂದೆ. ಎಲ್ಲರಿಗೂ ಸಮಾಧಾನವಾಯಿತು.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರಿಗೂ ಬರುತ್ತಿರಲಿಲ್ಲವಾದ್ದರಿಂದ ಕತೆ ಹೇಳುವುದು ಕಷ್ಟವಾಗಲಿಲ್ಲ. ಮರುಭೂಮಿಯ ಒಂದು ರಾಜ್ಯ. ರಾಜ ಸಾಯುತ್ತಾನೆ. ಇಬ್ಬರು ಮಕ್ಕಳಲ್ಲಿ ಯಾರಿಗೆ ಸಿಂಹಾಸನ ಎಂಬುದು ರಥದ ಓಟದಲ್ಲಿ ತೀರ್ಮಾನವಾಗಬೇಕು. ಅಣ್ಣ ಕೆಟ್ಟವನು, ತಮ್ಮ ಒಳ್ಳೆಯವನು. ಅದು ಅಣ್ಣನ ಗಡ್ಡದಿಂದಲೇ ತಿಳಿಯುತ್ತಿತ್ತು. ಎರಡನೆಯ ಕ್ಯಾಸೆಟ್ಟಿನಲ್ಲಿ ಓಟ ಸುರುವಾಯಿತು. ನಾಲ್ಕು ನಾಲ್ಕು ಕುದುರೆ ಕಟ್ಟಿದ ರಥಗಳನ್ನು ನೋಡಿ, ಕೂರಲು ಹಲಗೆಯೂ ಇಲ್ಲದೆ ನಿಂತೇ ಹೊಡೆಯುತ್ತಾರಲ್ಲ ಎಂದು ಪಡಸಾಲೆ ಬೆರಗಾಯಿತು. ಕೊನೆಯ ತಿರುವಿನಲ್ಲಿ ಅಣ್ಣನ ಕುದುರೆಗಳು ಬೆದರಿ ಅಡ್ಡ ಸರಿದವು, ತಮ್ಮ ಮುಂದೆ ನುಗ್ಗಿದ. ಮಂದಿ ಸೀಟಿ ಹೊಡೆದರು. ನಾನು ಮನಸ್ಸಿನಲ್ಲೇ ಮೂಲೆ ಮಳಿಗೆಗೆ ಹೆಸರಿನ ಹಲಗೆ ಬರೆಸುತ್ತಿದ್ದೆ.

ಮಾಲಕರು ಮಾತ್ರ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಮಂದಿಯ ಗದ್ದಲ ಇಳಿದ ಮೇಲೆ ಹಿಂದಕ್ಕೆ ತಿರುಗಿಸು ಎಂದರು. ಮತ್ತೊಮ್ಮೆ ನೋಡಿದರು. ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲ ಆ ತಿರುವಿನಲ್ಲಿ ನಿಲ್ಲಿಸಲು ಹೇಳಿ, ಎದ್ದು ಹೋಗಿ, ನಡುಗುತ್ತಿದ್ದ ಚಿತ್ರಕ್ಕೆ ಮೂಗು ತಾಗುವಂತೆ ನಿಂತು ಎಡಗಡೆಯ ಅಂಚನ್ನು ನೋಡಿದರು.

“ಈ ಕರೀ ಪಟ್ಟಿ ಯಾಕ ಹಾಕ್ಯಾರ?”

ಪುಸ್ತಿಕೆ ನನ್ನ ತೊಡೆಯ ಮೇಲೇ ಇತ್ತು. ಆದರೆ ಅವರ ಹುಬ್ಬು ಗಂಟಾಗಿತ್ತು, ಹಾಗೆ ಗಂಟಾದ ಹುಬ್ಬುಗಳನ್ನು ನಾನು ಅಂಗಡಿಯಲ್ಲಿ ದಿನವೂ ನೋಡುತ್ತಿದ್ದೆ. ಅದಕ್ಕೆ ಮದ್ದೂ ನನಗೆ ಗೊತ್ತಿತ್ತು.

“ಅದೊಂದು ದೋಷ ಐತ್ರಿ ಸಾವಕಾರ್ರ ಇದರಾಗ. ನಾಳೆ ಪಟ್ಟಿ ಇಲ್ಲದ್ದು, ತುಂಬಿದ ಚಿತ್ರ ತರ್ತೀನ್ರಿ.”

ತಾ, ಆದರೆ ಇದೂ ಇಲ್ಲೇ ಇರಲಿ ಎಂದರು. ಪೆಟ್ಟಿಗೆಯನ್ನೂ ವಿಸಿಆರನ್ನೂ ಬಿಟ್ಟು ಬಂದೆ. ನನ್ನ ವಸ್ತುವನ್ನು ಮನೆಯಲ್ಲಿ ಇರಿಸಿಕೊಂಡವನು ನನ್ನನ್ನು ಬರಿಗೈಲಿ ಕಳಿಸುವುದಿಲ್ಲ ಎಂಬುದು ಆಗ ನನ್ನ ಲೆಕ್ಕ.

ಮರುದಿನ ಮೊದಲ ಬಸ್ಸಿಗೇ ಸಾದಾ ಪ್ರತಿ ಒಯ್ದೆ. ಪಡಸಾಲೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಓಟ ಹಚ್ಚಿದೆ. ಟಿವಿ ತುಂಬ ಕುದುರೆ, ಟಿವಿ ತುಂಬ ಗಡ್ಡ. ಕರಿಯ ಗೆರೆಯೂ ಇಲ್ಲ. ತಮ್ಮ ಗೆದ್ದ. ನಾನು ಮಾಲಕರ ಮುಖ ನೋಡಿದೆ.

“ಅಂವ ಎಲ್ಲಿ ಹೋದ?” ಎಂದರು.

ಯಾರು ಎಂದು ಕೇಳಿದೆ. ನಿನ್ನೆ ಎಡಗಡೆಯಿಂದ ಹಗ್ಗ ದಾಟಿ ಒಳಗೆ ಬಂದು, ಅಣ್ಣನ ಕುದುರೆಯ ಮುಂದೆ ಕೆಂಪು ವಸ್ತ್ರ ಬೀಸಿದ ಮನುಷ್ಯ ಎಂದರು. ಕುದುರೆ ಬೆದರಿದ್ದು ಅವನಿಂದ. ಅಂಥ ಒಬ್ಬ ಮನುಷ್ಯ ಆ ಚಿತ್ರದಲ್ಲಿ ಇರುವುದು, ಪೆಟ್ಟಿಗೆಯ ಒಡೆಯನಾದ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕತೆಯಲ್ಲಿ ಬೇಕೆಂದೇ ಇಟ್ಟಿದ್ದರೋ, ಚಿತ್ರ ತೆಗೆಯುವಾಗ ಯಾರೋ ಅಡ್ಡ ಬಂದದ್ದೋ, ದೇವರಿಗೇ ಗೊತ್ತು.

“ಹಂತಾಂವ ಯಾರೂ ಇಲ್ರಿ ಇದರಾಗ. ನಿಮ್ಮ ಕಣ್ಣಿಗೆ ಹಂಗ ಕಂಡಿರಬೇಕ್ರಿ.”

ಮೊರದಲ್ಲಿ ಆಡುತ್ತಿದ್ದ ಅವ್ವನವರ ಕೈ ನಿಂತಿತು. ಶರ್ಯತ್ತಿನ ಪಂಚನಿಗೆ ಹೇಳಬಾರದ ಮಾತು ಒಂದೇ ಒಂದಿದ್ದರೆ ಅದನ್ನೇ ನಾನು ಹೇಳಿದ್ದೆ.

ಮಾಲಕರು ಸಿಟ್ಟಾಗಲಿಲ್ಲ. ತಾವೇ ಎದ್ದು ಕ್ಯಾಸೆಟ್ಟು ಬದಲಿಸಿ ಪೆಟ್ಟಿಗೆಯದನ್ನು ಹಾಕಿದರು. ನಿನ್ನೆಯೆಲ್ಲ ನನ್ನ ಬೆರಳುಗಳನ್ನು ನೋಡಿ ಕಲಿತಿದ್ದರು. ಕೆಂಪು ವಸ್ತ್ರದವನು ಬಂದ, ಬೀಸಿದ, ಹೋದ. ಮತ್ತೆ ಸಾದಾ ಪ್ರತಿ ಹಾಕಿದರು. ಅವನಿಲ್ಲ. ಆಮೇಲೆ ಹೆಗಲ ಮೇಲಿನ ಟಾವೆಲ್ಲು ತೆಗೆದು, ಊಟದ ಮಣೆಯ ಮೇಲೆ ಉದ್ದಕ್ಕೆ ಹಾಸಿದರು. ಎರಡೂ ಕಡೆ ಇಳಿಬಿದ್ದ ಅಂಚುಗಳನ್ನು ಕೈಯಿಂದ ಎತ್ತಿ ತೋರಿಸಿದರು.

“ಮಣಿ ತುಂಬಬೇಕಂದ್ರ ಇಷ್ಟ ಕತ್ತರಸಬೇಕು. ಪೂರ್ತಿ ಕಾಣಬೇಕಂದ್ರ ಮಡಚಿ ಸಣ್ಣ ಮಾಡಬೇಕು, ಆವಾಗ ಮ್ಯಾಲ ಕೆಳಗ ಮಣಿ ಖಾಲಿ ಉಳೀತೈತಿ. ಆ ಖಾಲಿನೇ ಕರೀ ಪಟ್ಟಿ. ಹೌದಲ್ಲೋ?”

ಅವರ ಬುದ್ಧಿಯನ್ನು ಹೊಗಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎನ್ನಿಸಿತು. ಪೆಟ್ಟಿಗೆಯಿಂದ ಪುಸ್ತಿಕೆ ತೆಗೆದು, ಆ ಎರಡು ಚಿತ್ರಗಳ ಪುಟ ಬಿಡಿಸಿ ಅವರ ಮುಂದೆ ಹಿಡಿದೆ. ನೀವು ಹೇಳಿದ್ದನ್ನೇ ಇಲ್ಲಿ ಅಚ್ಚು ಹಾಕಿಸಿದ್ದಾರೆ ನೋಡಿ ಎಂದೆ. ಚೌಕಾಸಿಯಲ್ಲಿ ಎದುರಿನವನು ಕೇಳದ ಕಾಗದವನ್ನು ಎಂದೂ ತೋರಿಸಬೇಡಿರಿ. ಇದು ಆ ದಿನದ ಮೇಲೆ ನಾನು ಎಷ್ಟೋ ಮಂದಿಗೆ ಹೇಳಿದ ಬುದ್ಧಿವಾದ.

ಅವರು ಪುಟವನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

“ನಿನಗ ಗೊತ್ತಿತ್ತು.”

“ಮಾಸ್ತರ ಕಡಿಂದ ಓದಿಸಿದ್ನಿರಿ.”

“ನಿನ್ನೆ ದೋಷ ಅಂದಿ. ಪೂರ್ತಿದ್ದು ನಿನ್ನ ಕೈಯಾಗ ಇತ್ತು ತಮ್ಮಾ. ನಾ ಹುಬ್ಬ ಗಂಟ ಹಾಕಿದೆ ಅಂತ ಕತ್ತರಿಸಿದ್ದು ತಂದಿ. ನಾ ಕೇಳಿದ್ದಕ್ಕ ನನ್ನ ಕಣ್ಣ ಸುಳ್ಳ ಅಂದಿ.”

ಗಿರಾಕಿ ಬೇಡಿದ್ದನ್ನು ಕೊಡುವುದೇ ನಮ್ಮ ದಂಧೆ ಎಂದು ನಾನು ಸಮಜಾಯಿಷಿ ಹೇಳಲು ಹೋದೆ. ಅವರು ಅದನ್ನು ಪೂರ್ತಿ ಕೇಳಿ, ಹೋದ ವಾರ ಮಳಿಗೆ ನೋಡಿ ಅದರ ಮಾಳಿಗೆಯ, ಅಂದರೆ ಚಾವಣಿಯ ಬಗ್ಗೆ ಏನು ಹೇಳಿದ್ದೆ ಎಂದು ಕೇಳಿದರು. ಬಹಳ ಗಟ್ಟಿ ಇದೆ ಎಂದು ಹೇಳಿದ್ದೆ. ನಾನು ತಲೆ ಎತ್ತಿ ನೋಡಿಯೇ ಇರಲಿಲ್ಲ.

“ಸೀರಿ ಅಂಗಡ್ಯಾಂವ ಇಲ್ಲೇ ಕುಂತ, ನನ್ನ ಚಾ ಕುಡದು, ನಿಮ್ಮ ಮಳಿಗಿ ಸೋರತೈತ್ರಿ, ಮೊದ್ಲ ತಗಡಿನ ಪತ್ರಾಸ ಹೊಚ್ಚಸ್ರಿ ಅಂದ. ಸಿಟ್ಟ ಬಂತು. ಹತ್ತಿ ನೋಡಿದೆ. ಸೋರತಿತ್ತು.” ಟಾವೆಲ್ಲನ್ನು ಮಣೆಯಿಂದ ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡರು. “ಕೆಂಪ ವಸ್ತ್ರದ ಮ್ಯಾಲ ಗೆದ್ದ ಆ ತಮ್ಮ ರಾಜ ಬಾದ. ಮಳಿಗಿ ಸೀರಿ ಅಂಗಡ್ಯಾಂವಗ ಕೊಡ್ತೀನಿ.”

ಅವ್ವನವರು ಚಹ ಕೊಟ್ಟರು, ಮುಖ ಸಣ್ಣದಾಯಿತೆಂದು ಒಂದು ಹಿಡಿ ಬೆಲ್ಲವನ್ನೂ ಕೊಟ್ಟರು. ವಿಸಿಆರನ್ನು ಚಾದರದಲ್ಲಿ ಕಟ್ಟಿಕೊಂಡು ಬಸ್ಸಿಗೆ ಬಂದು ನಿಂತೆ. ಬಂದ ಬಸ್ಸಿನಿಂದ ಸೀರೆ ವ್ಯಾಪಾರಿಯೇ ಇಳಿದ, ಕೈಯಲ್ಲಿ ಪೇಢೆಯ ಪೊಟ್ಟಣ. ನನ್ನ ಗಂಟನ್ನೂ ಪೆಟ್ಟಿಗೆಯನ್ನೂ ನೋಡಿ, ಸಾವಕಾರರು ಮನೆಯಲ್ಲಿದ್ದಾರೆಯೇ ಎಂದು ಸಂಶಯದಿಂದ ಕೇಳಿದ. ಇದ್ದಾರೆ ಎಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು.

“ಪೇಢೆ ಚೀಲದಾಗ ಹಾಕ್ರಿ. ಮಾಳಿಗಿ ಸೋರೂ ಮಾತ ಇನ್ನೊಮ್ಮೆ ಎತ್ರಿ. ಗೋಡಿಗೆ ಬಿರಕ ಬಿದ್ದದ್ದಿದ್ರ ಅದನ್ನೂ ಹೇಳ್ರಿ.”

ಅವನು ಪೇಢೆಯ ಪೊಟ್ಟಣವನ್ನು ಇನ್ನೂ ಗಟ್ಟಿಯಾಗಿ ಎದೆಗೆ ಒತ್ತಿಕೊಂಡು, “ಅಷ್ಟ ಶ್ಯಾಣ್ಯಾ ನಾನೂ ಅದೀನ್ರಿ” ಎಂದು ಹೇಳಿ ಊರೊಳಗೆ ನಡೆದ. ಅವನದು ತಪ್ಪು ಎನ್ನಲಾರೆ. ಅವನ ಜಾಗದಲ್ಲಿ ನಾನಿದ್ದರೂ ನನ್ನ ಮಾತನ್ನು ನಂಬುತ್ತಿರಲಿಲ್ಲ.