ಡ್ರಮ್ಮಿನ ಬಾಗಿಲು ತೆಗೆದ ಬೆಳಿಗ್ಗೆ

ನಾನು ನಿಂತಿದ್ದದ್ದು ಕಾಫಿ ಹುರಿಯುವ ಕೋಣೆಯ ಒಳಗೆ, ಬಾಗಿಲ ಎಡಕ್ಕೆ, ಗೋಡೆಗೆ ಒರಗಿಸಿದ್ದ ಬೀಜದ ಚೀಲಗಳ ಪಕ್ಕದಲ್ಲಿ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಬೆಳಗಿನ ತಿಂಡಿಯ ಹೊತ್ತು ಮುಗಿದಿತ್ತು. ಊರು ಹುಣಸೂರು, ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆ. ನನ್ನ ಮುಂದೆ ಗೆಳೆಯ, ಅವನ ಮುಂದೆ ಅವನ ಬೀಜ ಹುರಿಯುತ್ತ ತಿರುಗುತ್ತಿದ್ದ ಡ್ರಮ್ಮು. ನಾನು ಕಂಡದ್ದನ್ನು ಯಾವುದೂ ಮರೆಮಾಡಿರಲಿಲ್ಲ.

ಗೆಳೆಯ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ರೈತ. ಕೊಡಗಿನ ಗಡಿಯಲ್ಲಿದ್ದ ಅವನ ಮಾವ ತಮ್ಮ ತೋಟದ ಒಂದು ಚೀಲ ಕಾಫಿಬೀಜ ಕೊಟ್ಟಿದ್ದರು. ಇಲ್ಲಿ ಒಂದೊಂದು ತೋಟದ ಬೀಜವನ್ನೂ ಬೇರೆಯಾಗಿಯೇ ಹುರಿದು, ಚಿಕೋರಿ ಬೆರೆಸದೆ ಪುಡಿ ಮಾಡಿಕೊಡುತ್ತಾರೆಂದು ಕೇಳಿ ನನ್ನನ್ನೂ ಕರೆತಂದಿದ್ದ.

"ಬೆಲ್ಲದ ಕಾಫಿ ಕುಡ್ಕಂಡಿದ್ದೋನ್ಗೆ ಏನ್ಲಾ ಈ ಶೋಕಿ?" ಎಂದೆ.

"ಮಾವನ ಮನೇದು ಕಣ್ಲಾ. ಚೆಂದಾಗಿಲ್ಲ ಅಂದ್ರೆ ಎಡ್ತಿ ಇಟ್ಟು ಇಕ್ಕಲ್ಲ."

ಮೂಲೆಯಲ್ಲಿ ಮೊರ ಹಿಡಿದು ಒಡಕು ಬೀಜ ಆರಿಸುತ್ತಿದ್ದ ಹೆಂಗಸು ನಕ್ಕರು. ಕೆಂಪು ಸೀರೆ ಉಟ್ಟಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಿಟಕಿಯಿಲ್ಲದ ಕೋಣೆ ಕತ್ತಲಾಯಿತು. ಮೋಟಾರು ನಿಂತಿತು, ಅದು ತಿರುಗಿಸುತ್ತಿದ್ದ ಡ್ರಮ್ಮೂ ನಿಂತಿತು. ಕೆಳಗಿನ ಸೌದೆ ಮಾತ್ರ ಉರಿಯುತ್ತಲೇ ಇತ್ತು, ಮುಖ ಕಾಣುವಷ್ಟು ಬೆಳಕು ಅದರದ್ದೇ. ಹುರಿಯುತ್ತಿದ್ದ ಯಜಮಾನರು ಮೋಟಾರಿನ ಸ್ವಿಚ್ ಆರಿಸಿ, "ಕೈಯಲ್ಲೇ ತಿರುಗಿಸ್ಬೇಕು. ಇಡಿಕೆ ತತ್ತೀನಿ. ಏನೂ ಮುಟ್ಬ್ಯಾಡಿ" ಎಂದು ಹಿಂದಿನ ಕೋಣೆಗೆ ಓಡಿದರು.

ಸೀದ ವಾಸನೆ ಬಂತು. ಗೆಳೆಯನ ಮುಖ ಬದಲಾಯಿತು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಹಿಂದೊಮ್ಮೆ ಅವನ ಬ್ಯಾರನ್‌ನಲ್ಲಿ, ಹೊಗೆಸೊಪ್ಪು ಬೇಯಿಸುವ ಆ ಕೋಣೆಯಲ್ಲಿ, ಒಂದು ಎಲೆ ಕಾದ ಕೊಳವೆಯ ಮೇಲೆ ಉದುರಿ ಬೆಂಕಿ ಹಿಡಿದಿತ್ತು. ಬಾಗಿಲು ತೆಗೆದು ಅದನ್ನು ಎಳೆದು ಹಾಕಲು ತಡಮಾಡಿದ್ದರಿಂದಲೇ ಇಡೀ ಬ್ಯಾರನ್ ಸುಟ್ಟಿತೆಂದು ಅವನು ನಂಬಿದ್ದ.

"ಒಳಗೆ ಅತ್ಕತಾ ಐತೆ ಕಣ್ಲಾ."

"ತಡಿಯೋ, ಅವ್ರು ಬರ್ಲಿ."

"ಆಗ್ಲೂ ತಡೀಲಾ ತಡೀಲಾ ಅಂದೇ ಓಯ್ತು" ಎಂದವನೇ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಡ್ರಮ್ಮಿನ ಚಿಲಕ ಎಳೆದ. ಬಗ್ಗಿ ಒಳಗೆ ನೋಡಿದ.

ಬಾಗಿಲು ತೆರೆದಾಗ ಬೆಂಕಿ ಇರಲಿಲ್ಲ, ಹೊಗೆಯಿತ್ತು. ಗಾಳಿ ಒಳಹೊಕ್ಕಿದ್ದೇ ತಡ, ಬೀಜದಿಂದ ಸುಲಿದು ಬಿದ್ದಿದ್ದ ಹೊಟ್ಟೆಲ್ಲ ಒಮ್ಮೆಲೇ ಹತ್ತಿಕೊಂಡು ಹೊರಕ್ಕೆ ಬಂತು. ಸದ್ದು ದೊಡ್ಡದಲ್ಲ, ಒದ್ದೆ ಬಟ್ಟೆ ಕೊಡವಿದಷ್ಟು. ಗೆಳೆಯನ ತಲೆ ಬೆಂಕಿಯೊಳಗೆ ಇದ್ದದ್ದನ್ನು ನೋಡಿದೆ. ಆಮೇಲೆ ಅವನು ನೆಲದ ಮೇಲೆ ಕೂತಿದ್ದ.

ಯಜಮಾನರು ಓಡಿಬಂದು ಒದ್ದೆ ಗೋಣಿಯಿಂದ ಡ್ರಮ್ಮಿನ ಬಾಯಿ ಮುಚ್ಚಿದರು. ಗೆಳೆಯನಿಗೆ ಹುಬ್ಬು ಉಳಿದಿರಲಿಲ್ಲ. ಮುಖದ ತುಂಬ ಮಸಿ. ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಕಣ್ ಬುಡ್ಲಾ."

"ಬುಡಾಕೆ ಭಯ ಆಯ್ತದೆ ಕಣ್ಲಾ."

ನನಗೂ ಭಯವಾಗಿತ್ತು. ಎರಡನೇ ಸಲ ಹೇಳಲಿಲ್ಲ. ಆ ಹೆಂಗಸೇ ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಕೂತರು. "ಬುಡಪ್ಪ, ತಣ್ಣೀರು ಆಕ್ತೀನಿ" ಎಂದು ಸುರಿಯತೊಡಗಿದರು. ಆಗ ಕರೆಂಟ್ ಬಂತು. ನಮ್ಮ ತಲೆಯ ಮೇಲಿನ ಬಲ್ಬು ಹತ್ತಿತು. ಗೆಳೆಯ ಕಣ್ಣು ಬಿಟ್ಟ. ಎರಡೂ ಕಣ್ಣು ಪೂರ್ತಿ ತೆರೆದಿದ್ದವು.

"ಕರೆಂಟ್ ಇನ್ನೂ ಬರ್ಲಿಲ್ವಾ?" ಎಂದು ಕೇಳಿದ.

ನಾವು ಮೂವರೂ ಬಲ್ಬಿನ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದನ್ನು ಆರಿಸಿಬಿಟ್ಟರೆ ಅವನ ಮಾತು ನಿಜವಾಗುತ್ತದೆ ಅನ್ನಿಸಿ ನನ್ನ ಕೈ ಸ್ವಿಚ್ಚಿನ ಕಡೆ ಹೋಯಿತು. ಆರಿಸಲಿಲ್ಲ. ಹೆಂಗಸು ನೀರು ಸುರಿಯುತ್ತಲೇ ಇದ್ದರು. ತಂಬಿಗೆ ಖಾಲಿಯಾಯಿತು, ಮತ್ತೆ ತುಂಬಿ ತಂದರು. ಅದೂ ಮುಗಿಯುತ್ತ ಬಂದಾಗ ಅವನು ಕೈ ಮುಂದೆ ಚಾಚಿದ.

"ಕೆಂಪುಗೆ ಏನೋ ಐತಲ್ಲ ಇಲ್ಲಿ?"

"ನನ್ ಸೀರೆ ಕಣಪ್ಪ" ಎಂದರು ಆಕೆ. ತಂಬಿಗೆ ಕೈಯಿಂದ ಜಾರಿತು.

ಆಸ್ಪತ್ರೆಗೆ ಹೋದೆವು. ಬಲಗಣ್ಣು ಕ್ರಮೇಣ ತಿಳಿಯಾಯಿತು. ಎಡಗಣ್ಣಿಗೆ ಈಗಲೂ ಹೊಗೆ ಕವಿದ ಹಾಗೆ ಕಾಣುತ್ತದಂತೆ.

ಅಂದು ಅದನ್ನು ಕಂಡವರಲ್ಲಿ ಯಜಮಾನರು ತೀರಿಕೊಂಡರು. ನಾನಿದ್ದೇನೆ. ಆ ಹೆಂಗಸು ಹುಣಸೂರಿನಲ್ಲೇ ಮಗಳ ಮನೆಯಲ್ಲಿದ್ದಾರೆ. ಗೆಳೆಯನೂ ಇದ್ದಾನೆ. ಆಕೆಯನ್ನು ನೋಡಲು ಹೋದಾಗಲೆಲ್ಲ ಅವನು ಹೊಸ್ತಿಲಲ್ಲೇ ನಿಂತು, ಮೊದಲು ಸೀರೆಯ ಬಣ್ಣ ಹೇಳುತ್ತಾನೆ.